ಮಲ್ಚರ್ ಎಂದು ಹೇಳಿ ಸ್ಲ್ಯಾಷರ್ ತಂದವರು: ಜಾಲಿ ತೆಗೆಸುವವರಿಗೆ ಒಂದು ಎಚ್ಚರಿಕೆ

ಬೀಳು ಬಿದ್ದ ಹೊಲದ ಜಾಲಿ ತೆಗೆಸಲು ಮಧುಗಿರಿ, ಶಿರಾ, ಪಾವಗಡ ಕಡೆ ಯಾರಾದರೂ ಯಂತ್ರ ಹುಡುಕುತ್ತಿದ್ದರೆ, ಮುಂಗಡ ಕಳಿಸುವ ಮುನ್ನ ದಯವಿಟ್ಟು ಇದನ್ನು ಪೂರ್ತಿ ಓದಿ. ಮೊಬೈಲಿನಲ್ಲಿ ಮರವನ್ನೇ ಅರೆಯುವ ಮಲ್ಚರ್ ಯಂತ್ರದ ವಿಡಿಯೋ ತೋರಿಸಿ, ಹೊಲಕ್ಕೆ ಹುಲ್ಲು ಕೊಚ್ಚುವ ಸ್ಲ್ಯಾಷರ್ ತಂದು, ಎಕರೆ ಲೆಕ್ಕದಲ್ಲಿ ಮಾತಾಡಿ ಗಂಟೆ ಲೆಕ್ಕದಲ್ಲಿ ಹಣ ಕೀಳುವವರು ಈ ಭಾಗದಲ್ಲಿ ಓಡಾಡುತ್ತಿದ್ದಾರೆ. ಅವರು ನನ್ನ ನಾಲ್ಕು ಎಕರೆಯಲ್ಲಿ ಮಾಡಿ ಹೋದ ಕೆಲಸವನ್ನು ನೋಡಿ ಊರವರು ನಗುತ್ತಿದ್ದಾರೆ. ನಗಲಿ, ಆದರೆ ಇನ್ನೊಬ್ಬರು ಹೀಗೆ ನಗೆಪಾಟಲಾಗುವುದು ಬೇಡ.

ಬಳ್ಳಾರಿ ಜಾಲಿಯ ಸ್ವಭಾವವನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 1877ರಲ್ಲಿ ಪಕ್ಕದ ಕಡಪ ಸೀಮೆಗೆ ಅದರ ಬೀಜ ತರಿಸಿದ ಬ್ರಿಟಿಷ್ ಅರಣ್ಯಾಧಿಕಾರಿಗಳ ಪುಣ್ಯದಿಂದ, ಕುರಿ ಮೇಕೆಗಳು ಕಾಯಿ ತಿಂದು ಹಿಕ್ಕೆ ಹಾಕಿದ ಕಡೆಯೆಲ್ಲ ಅದು ಹುಟ್ಟಿಕೊಳ್ಳುತ್ತದೆ. ಅದರ ಜೀವವೆಲ್ಲ ಬುಡದ ಗಂಟಿನಲ್ಲಿ, ಮಣ್ಣಿನ ಒಳಗಿದೆ. ನೆಲದ ಮೇಲೆ ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಇದ್ದಿಲು ಸುಡುವವರು ಅದೇ ಬುಡಗಳಿಂದ ಮತ್ತೆ ಮತ್ತೆ ಕಡಿದುಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದಲೇ ಎಲ್ಲರೂ ಜೆಸಿಬಿ ಕರೆಸಿ ಬೇರು ಸಮೇತ ಕೀಳಿಸುತ್ತಾರೆ. ಆದರೆ ನನ್ನ ಹೊಲದಲ್ಲಿ ಒಳ್ಳೆಯ ಕೆಂಪು ಮಣ್ಣು ಇರುವುದು ಒಂದು ಅಡಿಯಷ್ಟೇ, ಅದರ ಕೆಳಗೆಲ್ಲ ಗರಸು. ಜೆಸಿಬಿ ಇಳಿಸಿದರೆ ಗರಸು ಮೇಲೆ ಬಂದು, ಗುಂಡಿಗಳನ್ನು ಮಟ್ಟ ಮಾಡುವುದೇ ಇನ್ನೊಂದು ಖರ್ಚಾಗುತ್ತದೆ. ಈ ಮಾತನ್ನು ನಾನು ಫೋನಿನಲ್ಲಿ ಬಿಡಿಸಿ ಹೇಳಿದಾಗ ಯಂತ್ರದ ಮಾಲೀಕರು ಕೊಟ್ಟ ಉತ್ತರ ಹೀಗಿತ್ತು: "ಅದಕ್ಕೇ ಸಾರ್ ನಮ್ಮ ಮಲ್ಚರ್ ಇರೋದು. ಡ್ರಮ್ಮು ನೆಲದೊಳಗೆ ಒಂದು ಗೇಣು ಇಳಿಯುತ್ತೆ, ಬುಡಾನೂ ಪುಡಿ ಮಾಡಿ ಅಲ್ಲೇ ಗೊಬ್ಬರ ಮಾಡುತ್ತೆ. ಮಳೆ ಬಿದ್ದ ತಕ್ಷಣ ನೀವು ಕಡಲೆಕಾಯಿ ಹಾಕಬಹುದು." ಜೊತೆಗೆ ವಿಡಿಯೋ ಬಂತು. ಅದರಲ್ಲಿ ಚೈನಿನ ಮೇಲೆ ಓಡುವ ದೊಡ್ಡ ಯಂತ್ರವೊಂದು, ಮುಂದೆ ಹಲ್ಲುಗಳಿರುವ ಅಡ್ಡ ಡ್ರಮ್ ಹೊತ್ತು, ಆಳೆತ್ತರದ ಮರಗಳನ್ನು ನಿಂತಲ್ಲೇ ಅರೆಯುತ್ತಿತ್ತು. ಎಕರೆಗೆ 9,000 ರೂಪಾಯಿಯಂತೆ ಒಟ್ಟು 36,000ಕ್ಕೆ ಒಪ್ಪಂದವಾಯಿತು, 15,000 ಮುಂಗಡವೂ ಹೋಯಿತು.

ಬಂದದ್ದು ಒಂದು ಹಳೆಯ ಟ್ರ್ಯಾಕ್ಟರ್, ಅದರ ಹಿಂದೆ ಒಂದು ಸ್ಲ್ಯಾಷರ್. ತುಕ್ಕಿನ ಮೇಲೆಯೇ ಕಿತ್ತಳೆ ಬಣ್ಣ ಬಳಿದಿದ್ದರು. ಬಗ್ಗಿ ನೋಡಿದರೆ ಕೆಳಗೆ ಡ್ರಮ್ಮೂ ಇಲ್ಲ, ಹಲ್ಲೂ ಇಲ್ಲ. ತಿರುಗುವ ತಟ್ಟೆಗೆ ತೂಗುಬಿದ್ದ ಎರಡು ಬ್ಲೇಡುಗಳು, ಅವುಗಳ ಅಂಚೋ ಹೆಬ್ಬೆರಳು ಒತ್ತಿದರೂ ಕೊಯ್ಯದಷ್ಟು ಮೊಂಡು. ಟ್ರ್ಯಾಕ್ಟರಿನ ಹಿಂದಿನ ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ನಿನ ಬಲವನ್ನೇ ಪಡೆದು ತಿರುಗುವ ಈ ಯಂತ್ರ ಇರುವುದು ಹುಲ್ಲಿಗೆ, ಎಳೆ ಪೊದೆಗೆ, ಹೆಚ್ಚೆಂದರೆ ಬೆರಳು ಗಾತ್ರದ ಕಡ್ಡಿಗೆ. ಮಾಲೀಕರಿಗೆ ಫೋನ್ ಮಾಡಿದರೆ, "ದೊಡ್ಡ ಮೆಷಿನ್ ಬೇರೆ ಸೈಟಲ್ಲಿ ಸಿಕ್ಕಿಹಾಕಿಕೊಂಡಿದೆ ಸಾರ್, ಇದೂ ಅದೇ ಕೆಲಸ ಮಾಡುತ್ತೆ. ಬೇಡ ಅಂದರೆ ವಾಪಸ್ ಕರೆಸ್ತೀನಿ, ಆದರೆ ಮುಂಗಡ ಡೀಸೆಲ್‌ಗೆ ಹೋಗಿದೆ" ಎಂದರು. ಬಿತ್ತನೆಯ ಕಾಲ ತಲೆಯ ಮೇಲಿದ್ದಾಗ ಈ ಮಾತು ಹೇಳುತ್ತಾರೆ, ನೆನಪಿಡಿ. ಅವರ ಲೆಕ್ಕವೇ ಅದು.

ಬದುವಿನ ಲಂಟಾನವನ್ನು ಆ ಯಂತ್ರ ಚೆನ್ನಾಗಿಯೇ ಕೊಚ್ಚಿತು, ಅದನ್ನು ಇಲ್ಲವೆನ್ನುವುದಿಲ್ಲ. ಮೊಣಕೈ ಗಾತ್ರದ ಜಾಲಿ ಸಿಕ್ಕಿದಲ್ಲಿಂದ ನಾಟಕ ಶುರುವಾಯಿತು. ಹಿಂಬದಿಯಿಂದ ಟ್ರ್ಯಾಕ್ಟರ್ ಹತ್ತಿಸುವುದು, ಮರ ಬಾಗುವುದು, ಹೊರೆ ಹೆಚ್ಚಾದರೆ ಯಂತ್ರ ಉಳಿಸಲು ತಾನೇ ಮುರಿಯುವ ಶಿಯರ್ ಬೋಲ್ಟ್ ಢಣ್ ಎಂದು ಮುರಿಯುವುದು, ಡ್ರೈವರ್ ಇಳಿದು ಬೀಡಿ ಹಚ್ಚಿ ಹೊಸ ಬೋಲ್ಟ್ ಹಾಕುವುದು. ಮಧ್ಯಾಹ್ನದ ಊಟಕ್ಕೆ ಹೋದಾಗಲೂ ಎಂಜಿನ್ ಆರಿಸುತ್ತಿರಲಿಲ್ಲ. ಕೇಳಿದರೆ, "ಬ್ಯಾಟರಿ ವೀಕಣ್ಣಾ, ಮತ್ತೆ ಸ್ಟಾರ್ಟ್ ಆಗಲ್ಲ" ಎಂದ. ಹಿಂದೆ ಇರಬೇಕಾದ ಚೈನಿನ ಪರದೆ ಇಲ್ಲದ ಕಾರಣ ಸಿಡಿದ ಕಲ್ಲೊಂದು ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಜಜ್ಜಿತು. ಅಲ್ಲಿ ಯಾರೂ ನಿಂತಿರಲಿಲ್ಲ, ಅಷ್ಟೇ ಸಮಾಧಾನ.

ಕೊನೆಗೆ ಕೊಟ್ಟ ಚೀಟಿಯಲ್ಲಿ ಎಕರೆಯ ಮಾತೇ ಇರಲಿಲ್ಲ. ಗಂಟೆಗೆ 1,800ರಂತೆ 61,200 ರೂಪಾಯಿ, ಬೋಲ್ಟುಗಳ ಬಾಬ್ತು ಬೇರೆ. ಬೋಲ್ಟ್ ಮುರಿದು ನಿಂತ ಹೊತ್ತು, ಊಟದ ಹೊತ್ತು, ಅವರ ಊರಿಂದ ನಮ್ಮ ಊರಿಗೆ ಬಂದು ಹೋದ ಹೊತ್ತು, ಎಲ್ಲವೂ ಅದರಲ್ಲಿ ಸೇರಿತ್ತು. ಎಕರೆ ಲೆಕ್ಕ ಎಲ್ಲಿ ಹೋಯಿತೆಂದು ಕೇಳಿದ್ದಕ್ಕೆ, "ಎಕರೆ ರೇಟು ಸಾಧಾರಣ ಪೊದೆಗೆ ಸಾರ್, ನಿಮ್ಮದು ಕಾಡು" ಎಂದರು. ಆ ಕಾಡಿನ ಫೋಟೋಗಳನ್ನು ಮೊದಲೇ ನೋಡಿ ರೇಟು ಹೇಳಿದವರು ಇವರೇ! ನಾನು ಹಣ ತಡೆದಾಗ ಟ್ರ್ಯಾಕ್ಟರನ್ನು ಹಾಲಿನ ಡೇರಿಯ ಮುಂದೆ ರಸ್ತೆಗೆ ಅಡ್ಡ ನಿಲ್ಲಿಸಿ, ಸಂಜೆ ಹಾಲು ಹಾಕಲು ಬಂದ ಜನರೆದುರು, "ಕೆಲಸ ಮಾಡಿಸ್ಕೊಂಡು ಕೂಲಿ ಕೊಡಲ್ಲ ಅಂತಾರೆ ನೋಡ್ರಣ್ಣಾ ಈ ಯಜಮಾನ್ರು" ಎಂದು ಡ್ರೈವರ್ ಕೂಗಿದ. ಹಿರಿಯರಿಬ್ಬರು ಮಧ್ಯೆ ಬಂದು ಒಟ್ಟು 52,000ಕ್ಕೆ ಇಳಿಸಿದರು. ಕೂಲಿ ತಿಂದವನೆಂಬ ಹೆಸರು ಮಾತ್ರ ನನಗೆ ಉಳಿಯಿತು.

ಮೊದಲ ಹದ ಮಳೆ ಬಿದ್ದ ಮೇಲೆ ಉಳಲು ಬಂದ ಟ್ರ್ಯಾಕ್ಟರಿನವರು ಹೊಲದ ಅಂಚಿನಲ್ಲೇ ಗಾಡಿ ನಿಲ್ಲಿಸಿ, "ಟೈರು ನೀವು ಕೊಡಿಸ್ತೀರಾ?" ಎಂದು ಕೇಳಿದರು. ಕೊಚ್ಚಿದ ಪುಡಿಯ ಕೆಳಗೆ ಅಡಗಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಗೇಣುದ್ದದ ಜಾಲಿ ಬುಡಗಳು, ಹಲ್ಲುಜ್ಜಿ ಬಿಸಾಡಿದ ಬೇವಿನ ಕಡ್ಡಿಯಂತೆ ಸೀಳಿ, ಚೂಪಾಗಿ ಮೇಲಕ್ಕೆ ನಿಂತಿದ್ದವು. ಒಂದೊಂದರ ಸುತ್ತಲೂ ಏಳೆಂಟು ಹೊಸ ಚಿಗುರು, ಹಸಿ ಮುಳ್ಳಿನ ಸಮೇತ. ಒಂದೇ ಕಾಂಡವಿದ್ದ ಕಡೆ ಈಗ ಪೊದೆ. ದುಡ್ಡು ಕೊಟ್ಟು ಜಾಲಿ ಬೆಳೆಸಿದವನು ಈ ಹೋಬಳಿಯಲ್ಲಿ ನಾನೊಬ್ಬನೇ ಇರಬೇಕು.

ಮಾಲೀಕರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ಬೇರೆ ನಂಬರಿನಿಂದ ಫೋನ್ ಮಾಡಿದಾಗ ಸಿಕ್ಕಿದ ಉತ್ತರ: "ನೆಲದ ಮೇಲಿಂದು ಕೊಚ್ಚೋದು ನಮ್ಮ ಕೆಲಸ. ನೆಲದ ಒಳಗಿಂದು ಮಾತಲ್ಲಿ ಇತ್ತಾ ಸಾರ್?" ಒಂದು ಗೇಣಿನ ಮಾತನ್ನು ನೆನಪಿಸಿದೆ. "ಅದು ದೊಡ್ಡ ಮೆಷಿನ್ನಿಗೆ ಹೇಳಿದ್ದು. ನಿಮಗೆ ಬಂದಿದ್ದು ಅದಲ್ಲವಲ್ಲ!" ಈ ಉತ್ತರ ಕೇಳಿ ನನಗೆ ಮಾತೇ ಹೊರಡಲಿಲ್ಲ. ಅದಲ್ಲವೆಂದು ನಾನು ಹೇಳಿದಾಗ ಅದೇ ಎಂದವರು, ಈಗ ಅದಲ್ಲವೆಂದು ನನಗೇ ಹೇಳುತ್ತಿದ್ದಾರೆ. ಕೊನೆಗೆ, "ಚಿಗುರೋದು ಮಳೆಯಿಂದ ಸಾರ್, ಮಳೆಗೆ ನಾವು ಗ್ಯಾರಂಟಿ ಕೊಡಕ್ಕಾಗುತ್ತಾ? ಬೇಕಾದರೆ ಇನ್ನೊಂದು ಸಲ ಹೊಡೆದುಕೊಡ್ತೀವಿ, ಗಂಟೆಗೆ ಇನ್ನೂರು ಕಡಿಮೆ ಮಾಡಿ" ಎಂದರು.

ಆದ್ದರಿಂದ, ಕೆಲಸ ಮಾಡುವ ಯಂತ್ರವನ್ನೇ ಇನ್ನೊಬ್ಬರ ಹೊಲದಲ್ಲಿ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ವಿಡಿಯೋ ಯಾರದ್ದಾದರೂ ಆಗಿರಬಹುದು. ಎಕರೆಯೋ ಗಂಟೆಯೋ, ಬುಡ ತೆಗೆಯುತ್ತಾರೋ ಇಲ್ಲವೋ, ರಿಪೇರಿಯ ಹೊತ್ತು ಯಾರ ಲೆಕ್ಕಕ್ಕೆ ಎಂಬುದನ್ನು ಬರೆಸಿಕೊಳ್ಳಿ. ಗಂಟೆಯ ಲೆಕ್ಕವೇ ಆದರೆ ಬೆಳಿಗ್ಗೆ ಸಂಜೆ ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರಿನ ಫೋಟೋ ತೆಗೆಯಿರಿ. ಹುಲ್ಲು, ಲಂಟಾನಕ್ಕೆ ಸ್ಲ್ಯಾಷರ್ ಸಾಕು, ಅದನ್ನು ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಬಲಿತ ಜಾಲಿಗೆ ಮಾತ್ರ ಗರಸು ಮೇಲೆ ಬಂದರೂ ಬರಲಿ, ಜೆಸಿಬಿಯೇ ಸರಿ. ನಾನೂ ಈಗ ಅದನ್ನೇ ಬರಹೇಳಿದ್ದೇನೆ, ಕಡಲೆಕಾಯಿಯ ಹದ ಮುಗಿದ ಮೇಲೆ.