ಆಫ್‌ಸೆಟ್ ಬೇಕಾ, ಕರ್ಸರ್ ಬೇಕಾ? ಬಿಲ್ಲುಗಳ ಪಟ್ಟಿಗೆ ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕರ್ಸರ್‌ಗೆ. ಅಂಗಡಿಗಳ ಬಿಲ್ಲುಗಳನ್ನು ಇಟ್ಟುಕೊಳ್ಳುವ ಒಂದು ಆಪ್ ನಾವು ನೋಡಿಕೊಳ್ಳುತ್ತೇವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಸರ್ವರ್ ಕೋಡ್ ನೋಡ್‌ನಲ್ಲಿ (ಅಂದರೆ ಜಾವಾಸ್ಕ್ರಿಪ್ಟ್), ಜನ ನೋಡುವುದು ಮೊಬೈಲ್‌ನಲ್ಲಿ. ಪರದೆಯನ್ನು ತಳ್ಳುತ್ತಾ ಹೋದಂತೆ ಹಳೇ ಬಿಲ್ಲುಗಳು ಇಪ್ಪತ್ತಿಪ್ಪತ್ತಾಗಿ ಬರಬೇಕು. ಇಷ್ಟೇ ಕೆಲಸ. ಆಫ್‌ಸೆಟ್ ಅಂದರೆ "ಮೊದಲ ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು" ಎಂದು ಎಣಿಕೆ ಹಿಡಿದು ಕೇಳುವುದು, ಕರ್ಸರ್ ಅಂದರೆ ಕೊನೆಗೆ ನೋಡಿದ ಸಾಲಿನ ಗುರುತು ಹಿಡಿದು ಅಲ್ಲಿಂದ ಮುಂದಿನದು ಕೇಳುವುದು. ಮೊದಲು ಇದು ಆಫ್‌ಸೆಟ್‌ನಲ್ಲಿ ನಡೆಯುತ್ತಿತ್ತು, ಆಮೇಲೆ ಕರ್ಸರ್‌ಗೆ ಬಂದೆವು. ಈಗ ಹಳೇ ದಾರಿಗೆ ವಾಪಸ್ ಹೋಗು ಅಂದರೆ ನಾನಂತೂ ಹೋಗುವುದಿಲ್ಲ.

ಆಫ್‌ಸೆಟ್‌ನ ಬಗ್ಗೆ ಎಲ್ಲರೂ ಹೇಳುವ ದೂರು ನಿಧಾನ ಅನ್ನುವುದು. ಅದು ನಿಜ. ಲಿಮಿಟ್ 20, ಆಫ್‌ಸೆಟ್ 40,000 ಎಂದು ಕೇಳಿದರೆ ಡೇಟಾಬೇಸ್ ನೇರವಾಗಿ ಆ ಜಾಗಕ್ಕೆ ಹಾರುವುದಿಲ್ಲ. 40,020 ಸಾಲುಗಳನ್ನು ದಾಟಿಕೊಂಡು ಬಂದು, ಮೊದಲ 40,000 ಬಿಸಾಕಿ, ಕೊನೆಯ 20 ಮಾತ್ರ ಕೈಗೆ ಕೊಡುತ್ತದೆ. ಇಂಡೆಕ್ಸ್ (ಸಾಲುಗಳನ್ನು ಕ್ರಮವಾಗಿ ಜೋಡಿಸಿಟ್ಟ ಸೂಚಿ) ಇದ್ದರೆ ವಿಂಗಡಿಸುವ ಕೆಲಸ ತಪ್ಪುತ್ತದೆ, ಎಣಿಸಿಕೊಂಡು ಬರುವುದು ತಪ್ಪುವುದಿಲ್ಲ. ದೊಡ್ಡ ಆಫ್‌ಸೆಟ್ ಕೊಟ್ಟರೆ ನಿಧಾನವಾಗಬಹುದು ಎಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ. ಹುಡುಕಾಟಕ್ಕೆ ಬಳಸುವ ಎಲಾಸ್ಟಿಕ್‌ಸರ್ಚ್ ಇನ್ನೂ ಕಟ್ಟುನಿಟ್ಟು. ಹಾಗೇ ಬಿಟ್ಟರೆ 10,000 ದಾಟಿದ ಕಡೆ ಕೊಡುವುದೇ ಇಲ್ಲ, ಬೇರೆ ದಾರಿ ಹಿಡಿ ಅನ್ನುತ್ತದೆ.

ಆದರೆ ನಾವು ಬಿಟ್ಟದ್ದು ನಿಧಾನಕ್ಕಲ್ಲ. ಎರಡು ಸಾವಿರನೇ ಪುಟದವರೆಗೆ ಯಾವ ಅಂಗಡಿಯವರು ತಳ್ಳುತ್ತಾ ಕೂರುತ್ತಾರೆ? ನಿಜವಾದ ಕಾಟ ಮೊದಲ ಮೂರು ನಾಲ್ಕು ಪುಟದಲ್ಲೇ ಇತ್ತು. ಸಂಜೆ ಹೊತ್ತು ವ್ಯಾಪಾರ ಜೋರಾಗಿರುವಾಗ ಪಟ್ಟಿ ತೆರೆದರೆ ಒಂದೇ ಬಿಲ್ಲು ಎರಡು ಸಲ ಕಾಣುತ್ತಿತ್ತು. ಮೊದಲ ಪುಟ ನೋಡಿ ಎರಡನೆಯದಕ್ಕೆ ಬರುವಷ್ಟರಲ್ಲಿ ಎರಡು ಹೊಸ ಬಿಲ್ಲು ಮೇಲೆ ಸೇರಿರುತ್ತವೆ. ಎಲ್ಲವೂ ಎರಡು ಸಾಲು ಕೆಳಕ್ಕೆ ಜಾರಿರುತ್ತವೆ. ಮೊದಲ ಪುಟದ ಕೊನೆಯ ಎರಡು ಬಿಲ್ಲು ಎರಡನೇ ಪುಟದ ನೆತ್ತಿಯಲ್ಲಿ ಮತ್ತೆ ಬರುತ್ತವೆ. ಯಾರಾದರೂ ಬಿಲ್ಲು ಅಳಿಸಿದ್ದರೆ ಉಲ್ಟಾ, ಒಂದು ಬಿಲ್ಲು ಕಾಣದೇ ಹೋಗುತ್ತದೆ. ದುಡ್ಡಿನ ಲೆಕ್ಕ ಇದು. "ಎರಡು ಸಲ ಬಿಲ್ ಹಾಕಿದ್ದೀರಾ ಸಾರ್?" ಎಂದು ಗಿರಾಕಿ ಕೇಳಿದರೆ ಅಂಗಡಿಯವರ ಮರ್ಯಾದೆಯ ಪ್ರಶ್ನೆ.

ಮದುವೆ ಊಟದ ಪಂಕ್ತಿಯಲ್ಲಿ ಸಾರು ಬಡಿಸುವವರನ್ನು ನೋಡಿ. "ಇಪ್ಪತ್ತು ಎಲೆ ಆಯಿತು, ಇಪ್ಪತ್ತೊಂದರಿಂದ ಶುರು" ಎಂದು ಎಣಿಕೆ ಇಟ್ಟುಕೊಂಡರೆ, ಒಳಗೆ ಹೋಗಿ ಬರುವಷ್ಟರಲ್ಲಿ ಪಂಕ್ತಿಯ ಶುರುವಿನಲ್ಲೇ ಇಬ್ಬರು ಬಂದು ಕೂತರೆ ಲೆಕ್ಕ ತಪ್ಪಿತು. "ಆ ಕೆಂಪು ಶಾಲಿನ ಅಜ್ಜನವರೆಗೆ ಬಡಿಸಿದೆ" ಎಂದು ನೆನಪಿಟ್ಟರೆ ಯಾರು ಎಲ್ಲಿ ಬಂದು ಕೂತರೂ ಅಜ್ಜನ ಪಕ್ಕದಿಂದ ಮುಂದುವರಿಸಬಹುದು. ಕರ್ಸರ್ ಮಾಡುವುದು ಇದನ್ನೇ. ಕೊನೆಗೆ ತೋರಿಸಿದ ಬಿಲ್ಲಿನ ಸಮಯ ಮತ್ತು ಐಡಿ ಹಿಡಿದುಕೊಂಡು, "ಇದಕ್ಕಿಂತ ಹಳೆಯ 20 ಕೊಡು" ಎಂದು ಕೇಳುತ್ತದೆ. ಅಂಗಡಿ, ಸಮಯ, ಐಡಿ ಮೂರನ್ನೂ ಸೇರಿಸಿ ಒಂದು ಇಂಡೆಕ್ಸ್ ಇದ್ದರೆ ಡೇಟಾಬೇಸ್ ನೇರ ಆ ಜಾಗಕ್ಕೆ ಇಳಿಯುತ್ತದೆ. ಮೊದಲ ಪುಟಕ್ಕೂ ಸಾವಿರನೇ ಪುಟಕ್ಕೂ ಹೆಚ್ಚುಕಡಿಮೆ ಅಷ್ಟೇ ಕೆಲಸ.

ಸಮಯದ ಜೊತೆ ಐಡಿ ಯಾಕೆ? ಒಂದೇ ಸಮಯದ ಬಿಲ್ಲುಗಳು ಎಷ್ಟೋ ಇರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಈಗಿನ ಸಮಯ ಕೇಳುವ ನೌ ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ (ಒಂದೇ ಗಂಟಾಗಿ ನಡೆಯುವ ಬರವಣಿಗೆ) ಶುರುವಾದ ಸಮಯವನ್ನು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಐನೂರು ಸಾಲು ತುಂಬಿದರೆ ಐನೂರಕ್ಕೂ ಒಂದೇ ಸಮಯ. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲಿ ಡೇಟ್‌ಟೈಮ್ ಕಾಲಮ್ ಸುಮ್ನೆ ಹಾಕಿದರೆ ಸೆಕೆಂಡಿನ ಕೆಳಗೆ ಏನೂ ಉಳಿಯುವುದಿಲ್ಲ, ಅಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಬರೀ ಸಮಯ ಸಾಲದು.

ಇಷ್ಟೆಲ್ಲ ಸರಿ ಇದ್ದೂ ನಮಗೆ ಕಾಟ ಕೊಟ್ಟದ್ದು ಮೈಕ್ರೋಸೆಕೆಂಡ್.

ಒಂದು ಅಂಗಡಿಯವರು ತಮ್ಮ ಹಳೇ ಬಿಲ್ಲುಗಳನ್ನೆಲ್ಲ ಎಕ್ಸೆಲ್ ಫೈಲಿನಿಂದ ಒಟ್ಟಿಗೆ ತುಂಬಿದರು. ತುಂಬಿದ್ದು ಸರಿಯಾಗಿತ್ತು. ಒಟ್ಟು ಮೊತ್ತ ಸರಿ. ಹುಡುಕಿದರೆ ಪ್ರತಿ ಬಿಲ್ಲೂ ಸಿಗುತ್ತಿತ್ತು. ಆದರೆ ಪಟ್ಟಿಯನ್ನು ತಳ್ಳುತ್ತಾ ಹೋದರೆ ಮೊದಲ ಪುಟದಲ್ಲಿ ಆ ಬಿಲ್ಲುಗಳಲ್ಲಿ ಕೆಲವು ಮಾತ್ರ, ಆಮೇಲೆ ಒಮ್ಮೆಲೇ ಹಿಂದಿನ ವಾರದ ಬಿಲ್ಲು. ನಡುವಿನದ್ದೆಲ್ಲ ಮಾಯ. ಎರರ್ ಇಲ್ಲ, ಲಾಗಿನಲ್ಲಿ ಏನೂ ಇಲ್ಲ. ಟೆಸ್ಟುಗಳೆಲ್ಲ ಪಾಸ್.

ಕಾರಣ ಹೀಗೆ. ಪೋಸ್ಟ್‌ಗ್ರೆಸ್ ಸಮಯವನ್ನು ಮೈಕ್ರೋಸೆಕೆಂಡಿನವರೆಗೆ ಇಡುತ್ತದೆ, ಅಂದರೆ ಸೆಕೆಂಡಿನ ನಂತರ ಆರು ಅಂಕೆ. ಜಾವಾಸ್ಕ್ರಿಪ್ಟ್‌ನ ಡೇಟ್‌ನಲ್ಲಿ ಮೂರೇ ಅಂಕೆ. ನೋಡ್‌ನಲ್ಲಿ ಬಳಸುವ ಪೋಸ್ಟ್‌ಗ್ರೆಸ್ ಡ್ರೈವರ್ (ಕೋಡಿಗೂ ಡೇಟಾಬೇಸ್‌ಗೂ ನಡುವಿನ ಕೊಂಡಿ) ತಾನಾಗೇ ಸಮಯವನ್ನು ಡೇಟ್ ಆಗಿ ಬದಲಿಸಿ ಕೊಡುತ್ತದೆ. ಟೇಬಲ್‌ನಲ್ಲಿ 10:00:00.123456 ಇದ್ದದ್ದು ಕೋಡಿಗೆ ಬರುವಾಗ 10:00:00.123 ಆಗಿರುತ್ತದೆ. ಅದನ್ನೇ ಕರ್ಸರ್‌ನಲ್ಲಿ ಹಾಕಿ ಮೊಬೈಲಿಗೆ ಕಳಿಸುತ್ತೇವೆ. ಮುಂದಿನ ಪುಟ ಕೇಳುವಾಗ ಡೇಟಾಬೇಸ್‌ಗೆ ಹೋಗುವ ಪ್ರಶ್ನೆ ".123ಕ್ಕಿಂತ ಹಳೆಯದು ಕೊಡು" ಎಂದು. ಒಟ್ಟಿಗೆ ತುಂಬಿದ ಅಷ್ಟೂ ಬಿಲ್ಲುಗಳಿಗೆ ಬಿದ್ದ ಸಮಯ, ಅಂದರೆ ತುಂಬಿದ ಹೊತ್ತು, .123456. ಅವು .123ಕ್ಕಿಂತ ಹಳೆಯವಲ್ಲ. ಐಡಿಯನ್ನು ನೋಡುವ ಪ್ರಸಂಗವೇ ಬರುವುದಿಲ್ಲ, ಯಾಕೆಂದರೆ ಸಮಯ ಸಮ ಆದರೆ ತಾನೇ ಐಡಿಯ ಸರದಿ? ಹೀಗೆ ಉಳಿದವೆಲ್ಲ ಒಂದೇ ಏಟಿಗೆ ಹಾರಿಹೋದವು. ಹಳೆಯದರಿಂದ ಹೊಸದರ ಕಡೆಗೆ ಹೋಗುವ ಪಟ್ಟಿಯಾಗಿದ್ದರೆ ಇದೇ ದೋಷ ಬೇರೆ ಥರ ಕಾಣುತ್ತದೆ: ತೋರಿಸಿದ ಸಾಲೇ ಮತ್ತೆ ಬರುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಇಲ್ಲದ್ದು ಕಣ್ಣಿಗೆ ಬೀಳುವುದು ಕಷ್ಟ.

ಟೆಸ್ಟುಗಳು ಯಾಕೆ ಹಿಡಿಯಲಿಲ್ಲ ಅಂದರೆ, ಟೆಸ್ಟಿನ ಬಿಲ್ಲುಗಳಿಗೆ ಸಮಯ ಹಾಕುತ್ತಿದ್ದದ್ದು ಜಾವಾಸ್ಕ್ರಿಪ್ಟ್. ಹುಟ್ಟುವಾಗಲೇ ಮೂರು ಅಂಕೆ, ಕತ್ತರಿಸಲು ಏನೂ ಇರಲಿಲ್ಲ. ನಿಮ್ಮಲ್ಲೂ ಇದೇ ಜೋಡಿ ಇದ್ದರೆ ಟೆಸ್ಟಿನ ಸಮಯವನ್ನು ಡೇಟಾಬೇಸ್‌ನಿಂದಲೇ ಹಾಕಿಸಿ. ಒಂದೇ ಸಮಯದ ಇಪ್ಪತ್ತೈದು ಸಾಲು ತುಂಬಿ, ಹತ್ತು ಹತ್ತಾಗಿ ಕೊನೆಯವರೆಗೆ ಓದಿ, ಇಪ್ಪತ್ತೈದೂ ಒಂದೊಂದೇ ಸಲ ಬಂದವಾ ನೋಡಿ. ಇಡೀ ಕರ್ಸರ್ ಕೋಡಿಗೆ ಇದಕ್ಕಿಂತ ಒಳ್ಳೆಯ ಟೆಸ್ಟ್ ನನಗೆ ಸಿಕ್ಕಿಲ್ಲ.

ಸರಿಮಾಡಲು ಮೂರು ದಾರಿ ಇದ್ದವು. ಕಾಲಮನ್ನೇ ಮೂರು ಅಂಕೆಗೆ ಇಳಿಸುವುದು. ಸಮಯ ಬಿಟ್ಟು ಐಡಿಯಿಂದಲೇ ವಿಂಗಡಿಸುವುದು. ಇಲ್ಲವೇ, ಕರ್ಸರ್‌ಗೆ ಬೇಕಾದ ಸಮಯವನ್ನು ಡೇಟಾಬೇಸ್‌ನಲ್ಲೇ ಅಕ್ಷರರೂಪಕ್ಕೆ ಬದಲಿಸಿ, ಜಾವಾಸ್ಕ್ರಿಪ್ಟ್ ಅದನ್ನು ಡೇಟ್ ಆಗಿ ಮುಟ್ಟದಂತೆ ಹಾಗೇ ಸಾಗಿಸುವುದು. ನಾವು ಹಿಡಿದದ್ದು ಮೂರನೆಯದು. ಟೇಬಲ್ ಮುಟ್ಟಬೇಕಿಲ್ಲ, ಕ್ವೆರಿಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ಉಳಿದ ಸಂಗತಿಗಳು ಇಷ್ಟು ಸತಾಯಿಸಲಿಲ್ಲ. ಮುಂದಿನ ಪುಟ ಇದೆಯಾ ಎಂದು ತಿಳಿಯಲು 20ರ ಬದಲು 21 ಕೇಳಿ, ಇಪ್ಪತ್ತೊಂದನೆಯದು ಬಂದರೆ ಇದೆ ಎಂದರ್ಥ. ಕರ್ಸರ್ ಅನ್ನು ಬೇಸ್64 (ಮಾಹಿತಿಯನ್ನು ಸರಳ ಅಕ್ಷರಗಳಲ್ಲಿ ಬರೆಯುವ ರೀತಿ) ಮಾಡಿ ಕಳಿಸುವಾಗ ಯುಆರ್‌ಎಲ್‌ಗೆ ಹೊಂದುವ ಬಗೆಯನ್ನೇ ಬಳಸಿ. ಬೇಸ್64 ಬೀಗವಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಹಾಗಾಗಿ ಯಾವ ಅಂಗಡಿಯ ಬಿಲ್ಲು ಎಂಬುದನ್ನು ಕರ್ಸರ್‌ನಿಂದ ತೆಗೆದುಕೊಳ್ಳಬೇಡಿ, ಲಾಗಿನ್ ಆದವರಿಂದ ತೆಗೆದುಕೊಳ್ಳಿ. ಕೊನೆಗೆ ತಿದ್ದಿದ ಸಮಯದಂತೆ ಬದಲಾಗುತ್ತಲೇ ಇರುವ ಕಾಲಮ್ ಮೇಲೆ ವಿಂಗಡಿಸಿದರೆ ಕರ್ಸರ್ ಕೂಡ ಕಾಪಾಡುವುದಿಲ್ಲ, ಸಾಲುಗಳು ಓದುತ್ತಿರುವಾಗಲೇ ಜಾಗ ಬದಲಿಸುತ್ತವೆ. ಸಮಯ ಮತ್ತು ಐಡಿಯನ್ನು ಜೋಡಿಯಾಗಿ ಒಟ್ಟಿಗೆ ಹೋಲಿಸುವುದು ಪೋಸ್ಟ್‌ಗ್ರೆಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಆ ಸೌಲಭ್ಯ ಇಲ್ಲ, ಷರತ್ತನ್ನು ಬಿಡಿಸಿ ಬರೆಯಬೇಕು. ಬೆಲೆ ಏರಿಕೆಯಲ್ಲಿ, ದಿನಾಂಕ ಇಳಿಕೆಯಲ್ಲಿ ಎಂದು ಎರಡು ದಿಕ್ಕು ಬೆರೆಸಿದರೂ ಅಷ್ಟೆ, ಬಿಡಿಸಿಯೇ ಬರೆಯಬೇಕು.

ಡೇಟಾಬೇಸ್ ಒಳಗೇ ಡಿಕ್ಲೇರ್ ಕರ್ಸರ್ ಎಂಬುದೊಂದಿದೆ, ಹೆಸರು ಒಂದೇ ಆದರೂ ಅದು ಬೇರೆ, ಈ ಕೆಲಸಕ್ಕೆ ಬೇಡ. ಪ್ರತಿ ಓದುಗನಿಗೆ ಒಂದು ಕನೆಕ್ಷನ್ ಹಿಡಿದಿಡಬೇಕಾಗುತ್ತದೆ, ವೆಬ್ ಆಪ್‌ಗೆ ಅದು ದುಬಾರಿ.

ಆಫ್‌ಸೆಟ್‌ಗೆ ಅದರ ಜಾಗ ಇದೆ. ನಮ್ಮ ಆಫೀಸಿನ ಒಳಗೆ ಬಳಸುವ ಅಡ್ಮಿನ್ ಪುಟದಲ್ಲಿ ಇವತ್ತಿಗೂ ಅದೇ ಇದೆ. ಅಲ್ಲಿ ಲೆಕ್ಕ ನೋಡುವವರಿಗೆ ಪುಟದ ಸಂಖ್ಯೆ ಬೇಕು. "ಏಳನೇ ಪುಟ ನೋಡಿ" ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತಾರೆ. ಕರ್ಸರ್‌ನಲ್ಲಿ ಏಳನೇ ಪುಟಕ್ಕೆ ನೇರ ಹಾರಲು ಆಗುವುದಿಲ್ಲ, ಆರನ್ನು ದಾಟಿಯೇ ಬರಬೇಕು. ಅಲ್ಲಿನ ಟೇಬಲ್‌ಗಳು ಚಿಕ್ಕವು, ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ಅದನ್ನು ಬದಲಿಸಲು ನನಗೆ ಒಂದೂ ಕಾರಣ ಕಾಣುವುದಿಲ್ಲ. ಒಟ್ಟು ಎಷ್ಟು ಸಾಲು ಎಂದು ತೋರಿಸಬೇಕಿದ್ದರೆ ಮಾತ್ರ ಎರಡರಲ್ಲೂ ಎಣಿಕೆಯ ಖರ್ಚು ಬೇರೆಯೇ. ಪೋಸ್ಟ್‌ಗ್ರೆಸ್‌ನಲ್ಲಿ ದೊಡ್ಡ ಟೇಬಲ್ ಎಣಿಸುವುದು ನಿಧಾನ. ಮೊಬೈಲ್ ಪಟ್ಟಿಯಿಂದ ನಾವು ಆ ಸಂಖ್ಯೆಯನ್ನು ತೆಗೆದೇ ಹಾಕಿದೆವು, ಯಾರೂ ಕೇಳಲಿಲ್ಲ.

ನಮ್ಮದು ಚಿಕ್ಕ ತಂಡ, ತಿಂಗಳ ಬಾಡಿಗೆಯ ಒಂದು ಸಾಧಾರಣ ಸರ್ವರ್. ನಿಧಾನ ಆದಾಗ ದೊಡ್ಡ ಮಷೀನ್ ತೆಗೆದುಕೊಳ್ಳೋಣ ಎನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಅದಕ್ಕೇ ಗಿರಾಕಿಗಳು ನೋಡುವ ಪ್ರತಿ ಪಟ್ಟಿಗೂ ಕರ್ಸರ್, ಒಳಗಿನ ಪುಟಗಳಿಗೆ ಆಫ್‌ಸೆಟ್ ಎಂದು ಇಟ್ಟುಕೊಂಡಿದ್ದೇವೆ. ವೆಬ್ ಆಪ್ ಕಟ್ಟಲು ನೀವು ಲಾರಾವೆಲ್ ಅಥವಾ ಜಾಂಗೋ ರೆಸ್ಟ್ ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಇದನ್ನು ಕೈಯಿಂದ ಬರೆಯುವ ಅಗತ್ಯವೇ ಇಲ್ಲ, ಎರಡರಲ್ಲೂ ಕರ್ಸರ್ ಸಿದ್ಧವಾಗಿ ಬರುತ್ತದೆ. ಹೊಸದಾಗಿ ಟೇಬಲ್ ಮಾಡುವವರಿಗೆ ಇನ್ನೂ ಸುಲಭದ ದಾರಿ ಇದೆ. ಯುಯುಐಡಿ (ಎಲ್ಲೂ ಪುನರಾವರ್ತನೆ ಆಗದಂತೆ ಮಾಡಿದ ಉದ್ದನೆಯ ಐಡಿ) ಎಂಬುದರ 7ನೇ ಬಗೆ 2024ರಲ್ಲಿ ಅಧಿಕೃತ ಮಾನದಂಡ ಸೇರಿತು. ಪೋಸ್ಟ್‌ಗ್ರೆಸ್ 18ರಲ್ಲಿ ಅದನ್ನು ಹುಟ್ಟಿಸುವ ಫಂಕ್ಷನ್ ಒಳಗೇ ಇದೆ. ಐಡಿಯ ಮುಂಭಾಗದಲ್ಲೇ ಸಮಯ ಇರುವುದರಿಂದ ಅದೊಂದರಿಂದಲೇ ವಿಂಗಡಿಸಬಹುದು, ಕರ್ಸರ್‌ನಲ್ಲೂ ಅದೊಂದನ್ನೇ ಅಕ್ಷರವಾಗಿ ಕಳಿಸಬಹುದು. ಮುಂದಿನ ಟೇಬಲ್‌ಗೆ ನಾನು ಹಿಡಿಯುವುದು ಅದನ್ನೇ.