ಡಿಜಿಆರ್ ಮೂಲಕ ಮಾಜಿ ಸೈನಿಕರ ನೇಮಕಾತಿ: ಸೇವೆ ಹೇಗಿದೆ, ಕಂಪನಿಗಳು ಎಲ್ಲಿ ಎಡವುತ್ತವೆ

ಮಾಜಿ ಸೈನಿಕರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮುಂದಾಗುವ ಕಂಪನಿಗಳು ಮೊದಲು ತಟ್ಟಬೇಕಾದ ಬಾಗಿಲು ಪುನರ್ವಸತಿ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಆರ್. ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯಡಿ ಬರುವ ಇದರ ಕೇಂದ್ರ ಕಚೇರಿ ದೆಹಲಿಯ ಆರ್.ಕೆ. ಪುರಂನಲ್ಲಿದೆ. ಕೆಳಗೆ ಐದು ವಲಯ ಕಚೇರಿಗಳಿವೆ. ಕರ್ನಾಟಕ ಪುಣೆಯ ದಕ್ಷಿಣ ವಲಯಕ್ಕೆ ಸೇರುತ್ತದೆ. ವರ್ಷಕ್ಕೆ ಸುಮಾರು 60,000 ಮಂದಿ ಸೇನೆಯಿಂದ ಹೊರಬರುತ್ತಾರೆ, ಹೆಚ್ಚಿನವರ ವಯಸ್ಸು 35ರಿಂದ 45. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಸಾಲ ಬಾಕಿ ಇರುತ್ತದೆ. ದುಡಿಯುವ ಶಕ್ತಿಯಿರುವ ಇಷ್ಟೊಂದು ಜನರಿಗೂ ಕಂಪನಿಗಳಿಗೂ ನಡುವೆ ಸೇತುವೆಯಾಗಿರುವ ಸೇವೆ ಇದು.

ಸೇವೆ ಚೆನ್ನಾಗಿದೆ, ಬಳಸಿಕೊಳ್ಳಿ. ಆದರೆ ನೀವು ಕಳಿಸುವ ಬೇಡಿಕೆ ಎಷ್ಟು ಸರಿಯಿದೆಯೋ ಬರುವ ಅಭ್ಯರ್ಥಿಯೂ ಅಷ್ಟೇ ಸರಿ ಇರುತ್ತಾನೆ. ಡಿಜಿಆರ್ ಖಾಸಗಿ ಕನ್ಸಲ್ಟೆನ್ಸಿಯ ಹಾಗೆ ಹತ್ತು ಜನರನ್ನು ಜರಡಿ ಹಿಡಿದು ಮೂವರನ್ನು ನಿಮ್ಮ ಮುಂದೆ ಕೂರಿಸುವುದಿಲ್ಲ. ಜಾಲತಾಣದಲ್ಲಿ ಉದ್ಯೋಗದಾತರಾಗಿ ನೋಂದಾಯಿಸಿಕೊಂಡು ಹುದ್ದೆಯ ವಿವರ ಹಾಕಬಹುದು, ಜಾಬ್ ಫೇರ್‌ಗಳಲ್ಲಿ ಅಭ್ಯರ್ಥಿಗಳನ್ನು ನೇರವಾಗಿ ಭೇಟಿಯಾಗಬಹುದು. ಆಯ್ಕೆ, ಪರೀಕ್ಷೆ, ದಾಖಲೆ ಪರಿಶೀಲನೆ ಎಲ್ಲ ನಿಮ್ಮ ಹೆಗಲಿಗೆ.

ಎಡವಟ್ಟು ಶುರುವಾಗುವುದೇ ಬೇಡಿಕೆ ಪತ್ರದಲ್ಲಿ. ಗೋದಾಮು ಮೇಲ್ವಿಚಾರಕ ಬೇಕಾಗಿದ್ದಾನೆ ಎಂದುಕೊಳ್ಳಿ. ಎಚ್‌ಆರ್ ವಿಭಾಗ ಎಂದಿನ ನಮೂನೆಯನ್ನೇ ಕಳಿಸುತ್ತದೆ: ಪದವಿ ಕಡ್ಡಾಯ, ವೇರ್‌ಹೌಸ್‌ನಲ್ಲಿ ಐದು ವರ್ಷದ ಅನುಭವ, ಎಸ್‌ಎಪಿ ಸಾಫ್ಟ್‌ವೇರ್ ಗೊತ್ತಿರಬೇಕು, 35ರ ಒಳಗಿರಬೇಕು. ಈ ನಾಲ್ಕು ಸಾಲಿಗೆ ಸೇನೆಯ ಒಳ್ಳೊಳ್ಳೆ ಸ್ಟೋರ್ ಕೀಪರ್‌ಗಳೆಲ್ಲ ಹೊರಬೀಳುತ್ತಾರೆ. ಎಸ್‌ಕೆಟಿ, ಅಂದರೆ ಸ್ಟೋರ್ ಕೀಪರ್ ಟೆಕ್ನಿಕಲ್, ಬಿಡಿಭಾಗಗಳ ಲೆಡ್ಜರ್, ದಾಸ್ತಾನು ಎಣಿಕೆ, ಅವಧಿ ಮೀರಿದ ಮಾಲಿನ ವಿಲೇವಾರಿಯಲ್ಲೇ ಹದಿನೈದು ವರ್ಷ ಕಳೆದಿರುತ್ತಾನೆ. ಅವನ ಕೈಯಲ್ಲಿ ವಿಶ್ವವಿದ್ಯಾಲಯದ ಪದವಿ ಇರುವುದಿಲ್ಲ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದವರನ್ನು ತಾಂತ್ರಿಕವಲ್ಲದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮಾನ ಎಂದು ಕೇಂದ್ರ ಸರ್ಕಾರವೇ 1986ರಿಂದ ಪರಿಗಣಿಸುತ್ತಿದೆ. ಖಾಸಗಿ ಕಂಪನಿಗೆ ಈ ನಿಯಮ ಅನ್ವಯಿಸದಿದ್ದರೂ ಅದನ್ನೇ ಅಳವಡಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. "ಪದವಿ ಅಥವಾ 15 ವರ್ಷದ ಸೇನಾ ಸೇವೆ, ಎಸ್‌ಕೆಟಿ ಅಥವಾ ಕ್ಲರ್ಕ್ ಟ್ರೇಡ್, ವಯಸ್ಸು 50ರವರೆಗೆ, ಎಸ್‌ಎಪಿ ತರಬೇತಿ ನಾವೇ ಕೊಡುತ್ತೇವೆ" ಎಂದು ಬರೆದು ಕಳಿಸಿ, ಬರುವ ಅರ್ಜಿಗಳ ಗುಣವೇ ಬದಲಾಗುತ್ತದೆ. ಅರ್ಜಿ ಜರಡಿ ಹಿಡಿಯುವ ಸಾಫ್ಟ್‌ವೇರ್ ಇದ್ದರೆ ಅದರಲ್ಲೂ ಪದವಿಯ ಫಿಲ್ಟರ್ ತೆಗೆಸಬೇಕು. ಪತ್ರದಲ್ಲಿ ತಿದ್ದಿ ಸಾಫ್ಟ್‌ವೇರ್‌ನಲ್ಲಿ ಮರೆತರೆ ಪ್ರಯೋಜನವಿಲ್ಲ.

ಟ್ರೇಡ್, ಅಂದರೆ ಸೇನೆಯಲ್ಲಿ ಮಾಡಿದ ಕೆಲಸದ ಬಗೆ. ಈ ಟ್ರೇಡ್ ಹೆಸರುಗಳನ್ನು ತಿಳಿದುಕೊಳ್ಳದೆ ಈ ಸೇವೆಯಿಂದ ಫಲ ಸಿಗುವುದು ಕಷ್ಟ. ಸೇನೆಯ ವಾಹನ, ಉಪಕರಣಗಳ ದುರಸ್ತಿ ನೋಡಿಕೊಳ್ಳುವ ಇಎಂಇ ವಿಭಾಗದಿಂದ ಬಂದವರಲ್ಲಿ ವಾಹನ ಮೆಕ್ಯಾನಿಕ್‌ಗಳೂ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರೂ ಇರುತ್ತಾರೆ. ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನವರು ನೆಟ್‌ವರ್ಕ್, ರೇಡಿಯೊ, ಕೇಬಲ್ ಕೆಲಸ ಬಲ್ಲವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸ್ಯಾಪರ್‌ಗಳಿಗೆ, ಅಂದರೆ ಎಂಜಿನಿಯರಿಂಗ್ ವಿಭಾಗದ ಸೈನಿಕರಿಗೆ, ನೀರು ಸರಬರಾಜು, ಎಲೆಕ್ಟ್ರಿಕಲ್, ಅಗೆಯುವ ಯಂತ್ರ ಓಡಿಸುವುದು ಹೊಸದಲ್ಲ. ದೊಡ್ಡ ಕ್ಯಾಂಪಸ್‌ನ ನಿರ್ವಹಣೆಗೆ ಇವರಿಗಿಂತ ಒಳ್ಳೆಯವರು ಸಿಗುವುದು ಅಪರೂಪ. ಎರಡು ಕಡೆ ಮಾತ್ರ ಎಚ್ಚರ ಬೇಕು. ಸೇನೆಯ ನರ್ಸಿಂಗ್ ಅಸಿಸ್ಟೆಂಟ್ ಎಷ್ಟೇ ನುರಿತವನಾಗಿದ್ದರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಇಲ್ಲದಿದ್ದರೆ ಆಸ್ಪತ್ರೆ ಅವನನ್ನು ಸ್ಟಾಫ್ ನರ್ಸ್ ಮಾಡುವಂತಿಲ್ಲ. ತುರ್ತು ಚಿಕಿತ್ಸೆಯ ಸಹಾಯ, ಆಂಬುಲೆನ್ಸ್ ವ್ಯವಸ್ಥೆ, ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೊಠಡಿ ಅವನಿಗೆ ಹೊಂದುವ ಜಾಗ. ಬ್ಯಾಂಕಿಗೋ ಆಭರಣ ಮಳಿಗೆಗೋ ಗನ್‌ಮ್ಯಾನ್ ಬೇಕಿದ್ದರೆ ಬಂದೂಕಿನ ಲೈಸೆನ್ಸ್ ಯಾರ ಹೆಸರಲ್ಲಿದೆ, ಎಲ್ಲಿಯವರೆಗೆ ಊರ್ಜಿತ, ಕರ್ನಾಟಕದಲ್ಲಿ ನಡೆಯುತ್ತದೆಯೇ ಎಂದು ನೇಮಕಾತಿಗೆ ಮೊದಲೇ ನೋಡಿ.

ದಾಖಲೆಗಳಲ್ಲಿ ಮುಖ್ಯವಾದದ್ದು ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್. ಎಚ್‌ಆರ್‌ನವರು ಅದರ ಮೊದಲ ಪುಟದ ಜೆರಾಕ್ಸ್ ಇಟ್ಟುಕೊಂಡು ಮುಚ್ಚಿಬಿಡುತ್ತಾರೆ. ನಿಜವಾದ ಬಯೋಡೇಟಾ ಇರುವುದು ಒಳಗೆ: ಟ್ರೇಡ್, ಮುಗಿಸಿದ ಕೋರ್ಸ್‌ಗಳು, ನಡತೆಯ ಷರಾ, ಬಿಡುಗಡೆಯ ಕಾರಣ, ವೈದ್ಯಕೀಯ ವರ್ಗ. ನಡತೆಗೆ "ಎಕ್ಸೆಂಪ್ಲರಿ" ಎಂದಿದ್ದರೆ ಅದು ಅತ್ಯುನ್ನತ ದರ್ಜೆ. ವೈದ್ಯಕೀಯ ವರ್ಗವನ್ನು ಶೇಪ್ ಎಂಬ ಐದು ಅಕ್ಷರಗಳ ಸಂಕೇತದಲ್ಲಿ ಬರೆದಿರುತ್ತಾರೆ. ಎಸ್ ಅಂದರೆ ಮಾನಸಿಕ ಆರೋಗ್ಯ, ಎಚ್ ಶ್ರವಣ, ಎ ಕೈಕಾಲು, ಪಿ ದೇಹದಾರ್ಢ್ಯ, ಇ ದೃಷ್ಟಿ. ಶೇಪ್-1 ಎಂದಿದ್ದರೆ ಪೂರ್ಣ ಸಮರ್ಥ. ಎಚ್ ಮುಂದೆ 2 ಕಂಡ ಕೂಡಲೇ ಅರ್ಜಿ ಪಕ್ಕಕ್ಕಿಡುವುದು ಅನ್ಯಾಯ. ಅದು ಯುದ್ಧಭೂಮಿಯ ಅಳತೆಗೋಲು, ಆಫೀಸಿನದ್ದಲ್ಲ. ಕಿವಿ ಸ್ವಲ್ಪ ಮಂದವಾಗಿರುವವನನ್ನು ಪ್ರೆಸ್ ಶಾಪ್‌ನ ಸದ್ದಿನಲ್ಲಿ ನಿಲ್ಲಿಸದೆ ಸ್ಟೋರ್ಸ್‌ಗೋ ಕ್ವಾಲಿಟಿಗೋ ಹಾಕಿದರೆ ಆಯಿತು.

ಸಂಬಳದ ಮಾತು ಬಂದಾಗ ತೀರಾ ಬೇಸರ ತರಿಸುವ ಒಂದು ರೂಢಿಯಿದೆ. "ನಿಮಗೆ ಪಿಂಚಣಿ ಬರುತ್ತಲ್ಲ, 18 ಸಾವಿರ ಸಾಕಲ್ವಾ?" ಎಂಬ ಪ್ರಶ್ನೆ. ಪಿಂಚಣಿ ಅವರು ಆಗಲೇ ದುಡಿದು ಮುಗಿಸಿದ ಕೆಲಸದ್ದು. ಅದನ್ನು ಹುದ್ದೆಯ ಸಂಬಳದಿಂದ ಕಳೆಯುವ ಹಕ್ಕು ಕಂಪನಿಗಿಲ್ಲ. ಖಾಸಗಿ ಕೆಲಸಕ್ಕೆ ಸೇರಿದ ಕಾರಣಕ್ಕೆ ಪಿಂಚಣಿ ಕಡಿತವೂ ಆಗುವುದಿಲ್ಲ. ಹೀಗೆ ಕಡಿಮೆ ಸಂಬಳಕ್ಕೆ ಸೇರಿದವರು ಹೆಚ್ಚು ಕೊಡುವ ಜಾಗ ಸಿಕ್ಕ ದಿನವೇ ಹೊರಡುತ್ತಾರೆ. ಆಮೇಲೆ "ಫೌಜಿಗಳು ನಿಲ್ಲಲ್ಲ" ಎಂಬ ಮಾತು ಹುಟ್ಟುತ್ತದೆ. ಲೆಕ್ಕಪತ್ರ ವಿಭಾಗ ಗಮನಿಸಬೇಕಾದ ಇನ್ನೊಂದು ವಿಷಯ ಆದಾಯ ತೆರಿಗೆ. ಪಿಂಚಣಿಯೂ ಸಂಬಳದ ಆದಾಯವೇ. ಅದರ ವಿವರವನ್ನು ಕೆಲಸಕ್ಕೆ ಸೇರುವಾಗಲೇ ಕೇಳಿ ಪಡೆದು ಎರಡನ್ನೂ ಸೇರಿಸಿ ಟಿಡಿಎಸ್ ಲೆಕ್ಕ ಹಾಕಿ. ಇಲ್ಲದಿದ್ದರೆ ರಿಟರ್ನ್ ಹಾಕುವ ಹೊತ್ತಿಗೆ ಅವರ ತಲೆಯ ಮೇಲೆ ಒಮ್ಮೆಲೇ ದೊಡ್ಡ ಮೊತ್ತ, ಮೇಲೆ ಬಡ್ಡಿ ಬೀಳುತ್ತದೆ.

ಇಸಿಎಚ್‌ಎಸ್ ವಿಷಯದಲ್ಲೂ ಇದೇ ಬಗೆಯ ಲೆಕ್ಕಾಚಾರ ನಡೆಯುತ್ತದೆ. 2003ರಲ್ಲಿ ಶುರುವಾದ, ಮಾಜಿ ಸೈನಿಕರ ಈ ಆರೋಗ್ಯ ಯೋಜನೆಯ ಕಾರ್ಡ್ ಇದೆಯೆಂದು ಗುಂಪು ವಿಮೆಯಿಂದ ಅವರ ಹೆಸರು ತೆಗೆಯಬೇಡಿ, ಅಪಘಾತ ವಿಮೆಯಿಂದಂತೂ ಬೇಡವೇ ಬೇಡ. ಇಸಿಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ ರೆಫರಲ್ ಪಡೆದು ನಂತರ ಆಸ್ಪತ್ರೆಗೆ ಹೋಗಬೇಕು, ಅದೂ ಕಚೇರಿ ವೇಳೆಯಲ್ಲೇ. ತಿಂಗಳಿಗೊಮ್ಮೆ ಅರ್ಧ ದಿನದ ಬಿಡುವು, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಲು ಎರಡು ಗಂಟೆ ಕೊಟ್ಟರೆ ಕಂಪನಿಗೆ ಏನೂ ಹೊರೆಯಾಗುವುದಿಲ್ಲ. ಇದನ್ನು ಮೇಲಧಿಕಾರಿಯ ಮರ್ಜಿಗೆ ಬಿಡದೆ ರಜೆ ನಿಯಮದಲ್ಲೇ ಬರೆದಿಡಬೇಕು.

ಸೇರಿದ ಮೊದಲ ಮೂರು ತಿಂಗಳು ಸೂಕ್ಷ್ಮ. ಸೇನೆಯಲ್ಲಿ ಯಾರು ಯಾರಿಗೆ ಆದೇಶ ಕೊಡಬಹುದು ಎಂಬುದರಲ್ಲಿ ಗೊಂದಲವಿಲ್ಲ. ಕಂಪನಿಯಲ್ಲಿ ಮೂವರು ಮ್ಯಾನೇಜರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಮೂರು ಬೇರೆ ಮಾತು ಹೇಳುತ್ತಾರೆ. ಯಾರಿಗೆ ವರದಿ ಮಾಡಬೇಕು, ರಜೆಗೆ ಸಹಿ ಯಾರದು, ಯಾವ ಮೊತ್ತದವರೆಗೆ ತಾವೇ ತೀರ್ಮಾನಿಸಬಹುದು ಎಂದು ಒಂದು ಪುಟದಲ್ಲಿ ಬರೆದು ಕೊಡಿ. ಹತ್ತು ಜನರ ಸೆಕ್ಷನ್ ನಡೆಸಿದ ಹವಾಲ್ದಾರ್, ಪ್ಲಟೂನ್ ನೋಡಿಕೊಂಡ ಸುಬೇದಾರ್ ತಮಗಿಂತ ಕಿರಿಯ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಲು ಹಿಂಜರಿಯುವುದಿಲ್ಲ. ಅವರು ಸೇನೆಯಲ್ಲೂ ಚಿಕ್ಕ ವಯಸ್ಸಿನ ಲೆಫ್ಟಿನೆಂಟ್‌ಗಳಿಗೆ ಸೆಲ್ಯೂಟ್ ಹೊಡೆದವರೇ. ಏಕವಚನದಲ್ಲಿ ಕರೆದರೆ ಮಾತ್ರ ನೋಯುತ್ತಾರೆ. ಪಲ್ಟನ್‌ನಲ್ಲಿ ಕಮಾಂಡಿಂಗ್ ಆಫೀಸರ್ ಕೂಡ ಸುಬೇದಾರ್‌ರನ್ನು "ಸಾಹಬ್" ಎಂದೇ ಕರೆಯುವುದು. ಇನ್ನು, ಹದಿನೇಳು ವರ್ಷ ಹಿಂದಿಯಲ್ಲೇ ಕೆಲಸ ಮಾಡಿದ ಬೆಳಗಾವಿಯ ಹುಡುಗನಿಗೆ ಇಂಗ್ಲಿಷ್ ಇಮೇಲ್ ನಿಧಾನವಾಗಬಹುದು. ಸಂದರ್ಶನವನ್ನು ಕನ್ನಡದಲ್ಲೋ ಹಿಂದಿಯಲ್ಲೋ ನಡೆಸಿ, ಇಮೇಲ್ ಆಮೇಲೆ ಕಲಿಸಿ.

ಡಿಜಿಆರ್ ಒಂದೇ ದಾರಿಯಲ್ಲ. ಭೂಸೇನೆಯ ಎಡಬ್ಲ್ಯುಪಿಒ, ನೌಕಾಪಡೆಯ ಐಎನ್‌ಪಿಎ, ವಾಯುಪಡೆಯ ಪ್ಲೇಸ್‌ಮೆಂಟ್ ಸೆಲ್ ತಮ್ಮ ತಮ್ಮ ಪಡೆಯವರಿಗೆ ಕೆಲಸ ಹುಡುಕಿಕೊಡುತ್ತವೆ. ವಿಮಾನ ಬಿಡಿಭಾಗಗಳ ಕಂಪನಿಗೆ ತಂತ್ರಜ್ಞ ಬೇಕಿದ್ದರೆ ವಾಯುಪಡೆಯ ಸೆಲ್ ಸರಿಯಾದ ಜಾಗ. ಹುಬ್ಬಳ್ಳಿ, ಬೆಳಗಾವಿ, ಮಡಿಕೇರಿ ಕಡೆಯ ಉದ್ದಿಮೆಗೆ ನಮ್ಮ ಸಲಹೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ. ಊರಿಗೆ ಮರಳಿದವರು ನೋಂದಾಯಿಸಿಕೊಳ್ಳುವುದು ಅಲ್ಲೇ. ಊರು ಬಿಟ್ಟು ವರ್ಷಗಟ್ಟಲೆ ದೂರವಿದ್ದವರು ಮನೆ ಹತ್ತಿರದ ಕೆಲಸವನ್ನು ಸುಲಭಕ್ಕೆ ಬಿಡುವುದಿಲ್ಲ. ಕಾವಲು ಸಿಬ್ಬಂದಿ ಬೇಕಿದ್ದರೆ ಡಿಜಿಆರ್ ಪಟ್ಟಿಯಲ್ಲಿರುವ ಸೆಕ್ಯುರಿಟಿ ಏಜೆನ್ಸಿಗಳಿವೆ. ಅವುಗಳ ಕಾವಲುಗಾರರಲ್ಲಿ ಕನಿಷ್ಠ 90 ಶೇಕಡಾ ಮಾಜಿ ಸೈನಿಕರಿರಬೇಕು, ವೇತನವೂ ಡಿಜಿಆರ್ ಪ್ರಕಟಿಸುವ ದರದಲ್ಲೇ ಇರಬೇಕು. ದರ ಮಾರುಕಟ್ಟೆಗಿಂತ ಹೆಚ್ಚು ಎಂಬ ದೂರು ಕೇಳಿಬರುತ್ತದೆ. ಆ ದರ ಕೊಡುವುದು ಯೋಗ್ಯ ಎಂಬುದೇ ನಮ್ಮ ನಿಲುವು.

ಸೇನೆಯಿಂದ ಹೊರಬಂದವರಂತೆಯೇ, ಕೆಲಸದಲ್ಲಿದ್ದುಕೊಂಡೇ ಸೇನೆಗೆ ಹೋಗಿಬರುವವರೂ ಇದ್ದಾರೆ: ಪ್ರಾದೇಶಿಕ ಸೇನೆಯವರು, ಅಂದರೆ ಟೆರಿಟೋರಿಯಲ್ ಆರ್ಮಿ. ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ 106ನೇ ಪ್ಯಾರಾ ಬೆಟಾಲಿಯನ್ ನೆಲೆ ಬೆಂಗಳೂರೇ. ಇನ್ಫೆಂಟ್ರಿ ಬೆಟಾಲಿಯನ್‌ಗಳಲ್ಲಿ ವರ್ಷಕ್ಕೆ ಎರಡು ತಿಂಗಳ ತರಬೇತಿ ಇರುತ್ತದೆ. ಕರೆ ಬಂದರೆ ಇನ್ನೂ ದೀರ್ಘ ಕಾಲ ಹೋಗಬೇಕು. 2025ರ ಮೇ ತಿಂಗಳಲ್ಲಿ 32 ಇನ್ಫೆಂಟ್ರಿ ಬೆಟಾಲಿಯನ್‌ಗಳ ಪೈಕಿ 14ನ್ನು ಸೇವೆಗೆ ಕರೆಯಲು ಕೇಂದ್ರ ಒಪ್ಪಿಗೆ ಕೊಟ್ಟಿತು. ಹೀಗೆ ಸೇವೆಗೆ ಹೋಗಿ ಬಂದ ನೌಕರನನ್ನು ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕು ಎನ್ನುತ್ತದೆ 1948ರ ಪ್ರಾದೇಶಿಕ ಸೇನಾ ಕಾಯ್ದೆಯ 7ಎ ಕಲಂ. ಭವಿಷ್ಯನಿಧಿಯಂಥ ಹಕ್ಕುಗಳನ್ನು 7ಬಿ ಕಾಪಾಡುತ್ತದೆ. ಆ ದಿನಗಳಿಗೆ ಸೇನೆಯೇ ಸಂಬಳ ಕೊಡುತ್ತದೆ. ಅದು ಕಂಪನಿಯ ಸಂಬಳಕ್ಕಿಂತ ಕಡಿಮೆಯಾದರೆ ವ್ಯತ್ಯಾಸ ತುಂಬಿಕೊಡುವುದು ಒಳ್ಳೆಯ ಕಂಪನಿಯ ಲಕ್ಷಣ. ಯೂನಿಟ್‌ನಿಂದ ಬಂದ ದಿನಾಂಕಗಳಿರುವ ಪತ್ರದ ಪ್ರತಿ ಫೈಲಿನಲ್ಲಿರಲಿ, ಆ ಅವಧಿಯನ್ನು ಗೈರುಹಾಜರಿ ಎಂದು ಹಾಕದೆ ಸೇವಾ ರಜೆ ಎಂದೇ ದಾಖಲಿಸಿ, ವಾರ್ಷಿಕ ಮೌಲ್ಯಮಾಪನದ ಗುರಿಯನ್ನು ಹನ್ನೆರಡು ತಿಂಗಳ ಬದಲು ಹತ್ತು ತಿಂಗಳಿಗೆ ಇಳಿಸಿ. ಕೊನೆಯದನ್ನು ಮರೆತರೆ, ತರಬೇತಿಗೆ ಹೋದ ತಪ್ಪಿಗೆ ಬಡ್ತಿ ತಪ್ಪುತ್ತದೆ.

ಇನ್ನು ಅಗ್ನಿವೀರರು, ಅಂದರೆ ಅಗ್ನಿಪಥ್ ಯೋಜನೆಯಡಿ ನಾಲ್ಕು ವರ್ಷಕ್ಕೆ ಸೇನೆ ಸೇರಿದವರು. 2022ರ ಕೊನೆಯಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ನಾಲ್ವರಲ್ಲಿ ಮೂವರು ಹೊರಬರುವುದು ಯೋಜನೆಯ ನಿಯಮ. ಇವರನ್ನು ಮೇಲಿನ ಅಚ್ಚಿನಲ್ಲಿ ಕೂರಿಸಲಾಗದು: ಪಿಂಚಣಿ ಇಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಮತ್ತು ಕೌಶಲ ಪ್ರಮಾಣಪತ್ರ ಕೈಯಲ್ಲಿರುತ್ತದೆ. ನಿಮ್ಮ ನೇಮಕಾತಿ ನಮೂನೆಯಲ್ಲಿ "ಮಾಜಿ ಸೈನಿಕರ ಗುರುತಿನ ಚೀಟಿ ಸಂಖ್ಯೆ" ಎಂಬ ಕಡ್ಡಾಯ ಕಾಲಂ ಇದ್ದರೆ ಅಗ್ನಿವೀರರು ಅಲ್ಲೇ ಸಿಕ್ಕಿಬೀಳುತ್ತಾರೆ. ಅದನ್ನು ಈಗಲೇ ಐಚ್ಛಿಕ ಮಾಡಿ, ಪಕ್ಕದಲ್ಲಿ ಅಗ್ನಿವೀರ್ ಪ್ರಮಾಣಪತ್ರಕ್ಕೆ ಬೇರೊಂದು ಕಾಲಂ ಸೇರಿಸಿ. ಆರೋಗ್ಯ ವಿಮೆಯಲ್ಲಿ ಇವರಿಗೆ ಮೊದಲ ದಿನದಿಂದಲೇ ಪೂರ್ಣ ರಕ್ಷಣೆ ಕೊಡಿ, ಹಿಂದೆ ಆಸರೆಗೆ ಬೇರೆ ಯೋಜನೆ ಇಲ್ಲ. ವಯಸ್ಸು ಇಪ್ಪತ್ತೈದರ ಆಚೀಚೆ ಇರುವುದರಿಂದ ದೂರಶಿಕ್ಷಣದಲ್ಲಿ ಪದವಿ ಮುಗಿಸಲು ಪರೀಕ್ಷಾ ರಜೆಯನ್ನೂ ನೇಮಕಾತಿ ಪತ್ರದಲ್ಲೇ ಸೇರಿಸಿ.