ತೊಗರಿ ಹೂವಿನ ಹನಿಗೆ ಯಾವ ಅಳತೆ?

ತೊಗರಿ, ಕುಸುಬಿ, ಸೂರ್ಯಕಾಂತಿ: ಕಲಬುರಗಿ ಸೀಮೆಯ ಈ ಮೂರೂ ಹೂಗಳ ಮಕರಂದದಲ್ಲಿ ಸಕ್ಕರೆ ಎಷ್ಟೆಂದು ನೋಡಲು ನಾಲ್ಕು ವಿಧಾನ ಬಳಸಿದ್ದೇವೆ. ಯಾವುದು ಸರಿ ಎಂಬುದನ್ನು ಸಾಧನದ ಬೆಲೆಗಿಂತ ಹೆಚ್ಚಾಗಿ ಹನಿಯ ಗಾತ್ರವೇ ನಿರ್ಧರಿಸುತ್ತದೆ.

ಬೆಳಕು ಬಾಗುವ ಪ್ರಮಾಣದಿಂದ ಸಕ್ಕರೆ ಅಳೆಯುವ ಸಾಧನವೇ ರಿಫ್ರ್ಯಾಕ್ಟೋಮೀಟರ್. ಅದರ ಡಿಜಿಟಲ್ ಮಾದರಿಗೆ ಸಾಮಾನ್ಯವಾಗಿ 0.3 ಮಿಲೀ ಬೇಕು, ಅಂದರೆ 300 ಮೈಕ್ರೋಲೀಟರ್. ಸೂರ್ಯಕಾಂತಿಯ ಒಂದು ಕಿರುಹೂವಿನಲ್ಲಿ ಒಂದು ಮೈಕ್ರೋಲೀಟರೂ ಸಿಗುವುದಿಲ್ಲ. ಕಬ್ಬಿನ ಹಾಲಿಗೆ ಅದು ಚೆನ್ನ, ಹೂವಿಗೆ ಬೇಡ.

ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರಿಗೆ ಚಿಕ್ಕ ಹನಿ ಸಾಕು. ಆದರೆ ಅದರ ಪಟ್ಟಿ ಗ್ಲುಕೋಸನ್ನು ಮಾತ್ರ ಗುರುತಿಸುತ್ತದೆ. ಸುಕ್ರೋಸ್, ಫ್ರಕ್ಟೋಸ್ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ನಂಬಲೇಬೇಡಿ.

ಹೊಲಕ್ಕೆ ನಮ್ಮ ಆಯ್ಕೆ, ಕಡಿಮೆ ಹನಿಗೆಂದೇ ಮಾಡಿದ 0–50 ಬ್ರಿಕ್ಸ್‌ನ (ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಎಂಬ ಅಳತೆ) ಕೈ ರಿಫ್ರ್ಯಾಕ್ಟೋಮೀಟರ್. ಅಗ್ಗದ 0–32ರದ್ದು ಗಟ್ಟಿ ಮಕರಂದಕ್ಕೆ ಸಾಲದು, ನೀಲಿ-ಬಿಳಿ ಗೆರೆ ಅಳತೆಪಟ್ಟಿಯ ಆಚೆ ಹೋಗುತ್ತದೆ. ಹಿಂದಿನ ಸಂಜೆಯೇ ಹೂವಿಗೆ ತೆಳು ಬಲೆಯ ಚೀಲ ಕಟ್ಟಿ, ಇಲ್ಲದಿದ್ದರೆ ನೀವು ಬೆಳಿಗ್ಗೆ ಅಳೆಯುವ ಮೊದಲೇ ಜೇನುನೊಣ ಹೀರಿರಬಹುದು. 1 ಮೈಕ್ರೋಲೀಟರಿನ ಗಾಜಿನ ಕ್ಯಾಪಿಲರಿಯನ್ನು (ಕೂದಲಿನಂಥ ಸಣ್ಣ ಕೊಳವೆ) ದಳಗಳ ಬುಡಕ್ಕೆ ಮುಟ್ಟಿಸಿದರೆ ಮಕರಂದ ತಾನೇ ಏರುತ್ತದೆ. ಚುಚ್ಚಬಾರದು, ಗಿಡದ ರಸ ಬೆರೆತರೆ ಅಂಕಿ ಕೆಡುತ್ತದೆ. ಹನಿ ಎಷ್ಟಿದೆ ಎಂದು ತಿಳಿಯಲು ಏರಿದ ಉದ್ದವನ್ನು ಸ್ಕೇಲಿನಿಂದ ಅಳೆದು, ಪ್ರಿಸಂ ಮೇಲೆ ಊದಿ, ತಕ್ಷಣ ಮುಚ್ಚಿ ಓದಬೇಕು. ಒಣಗಾಳಿಗೆ ಹನಿ ನೋಡನೋಡುತ್ತಲೇ ಗಟ್ಟಿಯಾಗುತ್ತದೆ, ಅಂಕಿ ಸುಳ್ಳಾಗಿ ಏರುತ್ತದೆ. ಒಂದೊಂದು ಓದಿಗೂ ಪ್ರಿಸಂ ಒದ್ದೆ ಮಾಡಿ ಒರೆಸಿ. ಡಿಸ್ಟಿಲ್ಡ್ ನೀರು 0 ತೋರಿಸಲೇಬೇಕು.

ನಮ್ಮ ಬಿಸಿಲೂ ಲೆಕ್ಕದಲ್ಲಿರಲಿ. ಬ್ರಿಕ್ಸ್ ಅಳತೆ 20 ಡಿಗ್ರಿಗೆ ಹೊಂದಿಸಿದ್ದು. ತಾಪಮಾನ ತಾನೇ ಸರಿಪಡಿಸಿಕೊಳ್ಳುವ ಮಾದರಿಗಳೂ ಹೆಚ್ಚಾಗಿ 30ರವರೆಗೆ ಮಾತ್ರ. ಆ ಸೌಲಭ್ಯ ಇಲ್ಲದ ಸಾಧನ 40 ಡಿಗ್ರಿಯಲ್ಲಿ ಸುಮಾರು ಒಂದೂವರೆ ಬ್ರಿಕ್ಸ್ ಕಡಿಮೆ ತೋರಿಸುತ್ತದೆ. ಹಾಗಾಗಿ ಬೆಳಿಗ್ಗೆಯೇ, ನೆರಳಲ್ಲೇ ಓದಿ.

ಹನಿ ಕ್ಯಾಪಿಲರಿಗೂ ಸಿಗದಷ್ಟು ಕಮ್ಮಿ ಇದ್ದರೆ ಫಿಲ್ಟರ್ ಕಾಗದವೇ ಗತಿ. ವಾಟ್‌ಮನ್ ನಂಬರ್ 1 ಕಾಗದದ ಚೂಪು ತುಂಡಿಗೆ ಮಕರಂದ ಹೀರಿಸಿ, ಒಣಗಿಸಿ, ಸಿಲಿಕಾ ಜೆಲ್ ಜೊತೆ ಲಕೋಟೆಯಲ್ಲಿಡಿ. ಆಮೇಲೆ ನೀರಿನಲ್ಲಿ ಬಿಡಿಸಿ ಆಂಥ್ರೋನ್ ಪರೀಕ್ಷೆ, ಅಂದರೆ ಬಣ್ಣದ ಗಾಢತೆಯಿಂದ ಸಕ್ಕರೆ ಅಳೆಯುವುದು. ಅದರಲ್ಲಿ ಗಾಢ ಗಂಧಕಾಮ್ಲ ಬಳಸುವುದರಿಂದ ಅದು ಪ್ರಯೋಗಾಲಯದ ಕೆಲಸ. ಸಿಗುವುದು ಒಟ್ಟು ಸಕ್ಕರೆ, ಶೇಕಡಾ ಪ್ರಮಾಣ ಅಲ್ಲ. ಕಾಗದದ ನಾರೂ ಈ ಪರೀಕ್ಷೆಗೆ ಬಣ್ಣ ಕೊಡುತ್ತದೆ, ಆದ್ದರಿಂದ ಖಾಲಿ ಕಾಗದವನ್ನೂ ಜೊತೆಗೆ ಪರೀಕ್ಷಿಸಿ ಕಳೆಯಬೇಕು.

ಬಹಳ ಜನ ತಪ್ಪುವುದು ಹನಿಯ ಗಾತ್ರ ಮತ್ತು ಬ್ರಿಕ್ಸ್‌ನಿಂದ ಸಕ್ಕರೆಯ ತೂಕ ತೆಗೆಯುವ ಕೊನೆಯ ಗುಣಾಕಾರದಲ್ಲಿ. ಬ್ರಿಕ್ಸ್ ಎಂದರೆ 100 ಗ್ರಾಂ ದ್ರಾವಣದಲ್ಲಿನ ಸಕ್ಕರೆ, 100 ಮಿಲೀಯದ್ದಲ್ಲ. 40 ಬ್ರಿಕ್ಸ್ ಮಕರಂದದ ಒಂದು ಮೈಕ್ರೋಲೀಟರ್ ಸುಮಾರು 1.18 ಮಿಲಿಗ್ರಾಂ ತೂಗುತ್ತದೆ, ಆದ್ದರಿಂದ ಅದರಲ್ಲಿ 0.40 ಅಲ್ಲ, 0.47 ಮಿಲಿಗ್ರಾಂ ಸಕ್ಕರೆ ಇರುತ್ತದೆ.